ಇಪ್ಪತ್ತೇಳು ವರ್ಷ ಕಾದ ಉತ್ತರ: ಹ್ಯೂಬರ್ಟ್ ಹಂಫ್ರಿ ಮತ್ತು ಮೂತ್ರಕೋಶದ ಕ್ಯಾನ್ಸರ್

1994ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಅಪರೂಪದ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು 1967ರಲ್ಲಿ ತೆಗೆದಿಟ್ಟಿದ್ದ ಮೂತ್ರದ ಮಾದರಿಯೊಂದರಲ್ಲಿ ಉಳಿದಿದ್ದ ಜೀವಕೋಶಗಳನ್ನು. ಆ ಮಾದರಿ ಕೊಟ್ಟಿದ್ದ ವ್ಯಕ್ತಿ ತೀರಿಕೊಂಡು ಆಗಲೇ ಹದಿನಾರು ವರ್ಷ ಕಳೆದಿತ್ತು. ಫಲಿತಾಂಶ ಸ್ಪಷ್ಟವಾಗಿತ್ತು. ಅವರ ಪ್ರಾಣ ತೆಗೆದ ಕ್ಯಾನ್ಸರಿನ ಗುರುತು 1967ರ ಆ ಮೂತ್ರದಲ್ಲೇ ಇತ್ತು. ಅದನ್ನು ಓದುವ ವಿದ್ಯೆ ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ.

ಆ ವ್ಯಕ್ತಿ ಹ್ಯೂಬರ್ಟ್ ಹಂಫ್ರಿ. 1965ರಿಂದ 1969ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದವರು, 1968ರಲ್ಲಿ ಕೂದಲೆಳೆಯ ಅಂತರದಲ್ಲಿ ಅಧ್ಯಕ್ಷ ಪದವಿ ತಪ್ಪಿಸಿಕೊಂಡವರು. ಅವರ ಬದುಕಿನ ಕಥೆಯನ್ನು ಹೇಳಿದರೆ, ಮೂತ್ರಕೋಶದ ಕ್ಯಾನ್ಸರ್ ಹೇಗೆ ವರ್ಷಗಟ್ಟಲೆ ಅಡಗಿ ಕೂರುತ್ತದೆ, ಗಡ್ಡೆಯ ಡಿಎನ್‌ಎ ಓದುವುದರಿಂದ ಇಂದು ಏನು ಸಾಧ್ಯವಾಗಿದೆ, ಏನು ಇನ್ನೂ ಆಗಿಲ್ಲ ಎಂಬುದನ್ನೂ ಹೇಳಿದಂತಾಗುತ್ತದೆ.

ಔಷಧ ಅಂಗಡಿಯ ಹುಡುಗ

ಹಂಫ್ರಿ ಹುಟ್ಟಿದ್ದು 1911ರ ಮೇ 27ರಂದು, ಸೌತ್ ಡಕೋಟ ರಾಜ್ಯದ ವ್ಯಾಲೇಸ್ ಎಂಬ ಪುಟ್ಟ ಊರಿನಲ್ಲಿ. ಬೆಳೆದದ್ದು ಹತ್ತಿರದ ಡೋಲಂಡ್‌ನಲ್ಲಿ. ತಂದೆಗೆ ಔಷಧ ಅಂಗಡಿ ಇತ್ತು. ಹುಡುಗ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಊರಿನವರ ಕಷ್ಟಸುಖ ಕೇಳಿಸಿಕೊಂಡ. 1929ರ ಆರ್ಥಿಕ ಕುಸಿತದ ನಂತರ ರೈತರ ಕೈಯಲ್ಲಿ ಕಾಸಿಲ್ಲದಂತಾಯಿತು, ಅಂಗಡಿಯೂ ಸೊರಗಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹಂಫ್ರಿ ಓದು ಬಿಟ್ಟು ಮನೆಗೆ ಮರಳಬೇಕಾಯಿತು. ಡೆನ್ವರ್‌ನ ಫಾರ್ಮಸಿ ಕಾಲೇಜೊಂದರಲ್ಲಿ ಎರಡು ವರ್ಷದ ಪಾಠವನ್ನು ಆರೇ ತಿಂಗಳಲ್ಲಿ ಮುಗಿಸಿ ಫಾರ್ಮಸಿಸ್ಟ್ ಪರವಾನಗಿ ಪಡೆದರು. ಹ್ಯೂರನ್ ಎಂಬ ಊರಿಗೆ ಸ್ಥಳಾಂತರವಾಗಿದ್ದ ಅಪ್ಪನ ಅಂಗಡಿಯಲ್ಲಿ ಆರು ವರ್ಷ ಮಾತ್ರೆ, ಟಾನಿಕ್ ಕಟ್ಟಿಕೊಟ್ಟರು. 1936ರಲ್ಲಿ ಮ್ಯೂರಿಯಲ್ ಬಕ್ ಅವರನ್ನು ಮದುವೆಯಾದರು.

ಮತ್ತೆ ಕಾಲೇಜು ಮೆಟ್ಟಿಲು ಹತ್ತಿದ್ದು 1937ರಲ್ಲಿ. ಪದವಿ, ಸ್ನಾತಕೋತ್ತರ ಪದವಿ ಮುಗಿಸಿ ರಾಜಕೀಯಕ್ಕೆ ಬಂದರು. 1945ರಲ್ಲಿ ಮಿನ್ನಿಯಾಪೊಲಿಸ್ ನಗರದ ಮೇಯರ್ ಆದರು. 1948ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಕಪ್ಪು ವರ್ಣೀಯರ ನಾಗರಿಕ ಹಕ್ಕುಗಳ ಪರವಾಗಿ ಅವರು ಮಾಡಿದ ಭಾಷಣ ದೇಶದ ಗಮನ ಸೆಳೆಯಿತು. ದಕ್ಷಿಣದ ಕೆಲವು ಪ್ರತಿನಿಧಿಗಳು ಸಭೆಯಿಂದ ಎದ್ದು ಹೋದರು. ಅದೇ ವರ್ಷ ಸೆನೆಟ್‌ಗೆ ಆಯ್ಕೆಯಾದರು.

ಔಷಧ ಅಂಗಡಿಯ ಅನುಭವ ಅಲ್ಲೂ ಕೈಬಿಡಲಿಲ್ಲ. ಯಾವ ಔಷಧವನ್ನು ಅಂಗಡಿಯಲ್ಲಿ ನೇರವಾಗಿ ಕೊಳ್ಳಬಹುದು, ಯಾವುದಕ್ಕೆ ವೈದ್ಯರ ಚೀಟಿ ಬೇಕೇ ಬೇಕು ಎಂಬ ಗೆರೆಯನ್ನು ಅಮೆರಿಕದಲ್ಲಿ ಸ್ಪಷ್ಟವಾಗಿ ಎಳೆದ 1951ರ ಕಾನೂನಿಗೆ ಇಬ್ಬರ ಹೆಸರಿದೆ: ಡರ್ಹಮ್ ಮತ್ತು ಹಂಫ್ರಿ. ಇಬ್ಬರೂ ಮೂಲತಃ ಫಾರ್ಮಸಿಸ್ಟ್‌ಗಳು.

ಭಾರತಕ್ಕೂ ಅವರಿಗೂ ಒಂದು ನಂಟಿದೆ. ನಮ್ಮ ಹಿರಿಯರು ಪಡಿತರದ ಸಾಲಿನಲ್ಲಿ ನಿಂತು ತಂದ ಪಿಎಲ್ 480 ಗೋಧಿ ನೆನಪಿರಬಹುದು. ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಬೇರೆ ದೇಶಗಳಿಗೆ ಕಳಿಸುವ ಈ ಯೋಜನೆಯ ದೊಡ್ಡ ಬೆಂಬಲಿಗರಲ್ಲಿ ಹಂಫ್ರಿ ಒಬ್ಬರು. 1966ರ ಜನವರಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ದೆಹಲಿಗೆ ಬಂದದ್ದೂ ಅವರೇ.

1964ರ ನಾಗರಿಕ ಹಕ್ಕು ಕಾಯ್ದೆಯನ್ನು ಸೆನೆಟ್‌ನಲ್ಲಿ ದಡ ಮುಟ್ಟಿಸಿದ್ದು ಅವರ ಬದುಕಿನ ದೊಡ್ಡ ಸಾಧನೆ. ಮರುವರ್ಷ ಲಿಂಡನ್ ಜಾನ್ಸನ್ ಅವರ ಉಪಾಧ್ಯಕ್ಷರಾದರು. ವಿಯೆಟ್ನಾಂ ಯುದ್ಧವನ್ನು ಬೆಂಬಲಿಸಿ ತಮ್ಮ ಹಳೆಯ ಗೆಳೆಯರನ್ನೇ ಕಳೆದುಕೊಂಡರು. ಆ ಗದ್ದಲದ ನಡುವೆ, 1967ರಲ್ಲಿ, ಅವರ ಮೂತ್ರದಲ್ಲಿ ರಕ್ತ ಕಾಣಿಸಿತು.

ಸೂಕ್ಷ್ಮದರ್ಶಕದ ಕೆಳಗೆ ಒಮ್ಮತವಿಲ್ಲ

ಮೊದಲಿಗೆ ಒಂದು ಗೊಂದಲ ಬಗೆಹರಿಸೋಣ. ಮೂತ್ರಪಿಂಡ ಅಂದರೆ ಕಿಡ್ನಿ. ಮೂತ್ರಕೋಶ ಅಂದರೆ ಕಿಡ್ನಿಗಳಿಂದ ಇಳಿದು ಬಂದ ಮೂತ್ರ ಶೇಖರವಾಗುವ, ಕೆಳಹೊಟ್ಟೆಯಲ್ಲಿರುವ ಚೀಲ. ಈ ಚೀಲದ ಒಳಗೋಡೆಯ ಕೋಶಗಳು ಹಳೆಯದಾದಂತೆ ಉದುರಿ ಮೂತ್ರದ ಜತೆ ಹೊರಬರುತ್ತವೆ. ಒಳಗೆ ಕ್ಯಾನ್ಸರ್ ಇದ್ದರೆ ಆ ಕೋಶಗಳೂ ಉದುರುತ್ತವೆ. ಹಾಗಾಗಿ ಮೂತ್ರವನ್ನು ಸೋಸಿ, ಕೋಶಗಳಿಗೆ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರ್ ಸಿಕ್ಕಿಬೀಳಬಹುದು.

ಹಂಫ್ರಿ ಅವರ ಮೂತ್ರವನ್ನೂ ಹೀಗೇ ನೋಡಲಾಯಿತು. ತೊಂದರೆ ಏನೆಂದರೆ, ನೋಡಿದ ತಜ್ಞರೆಲ್ಲ ಒಂದೇ ಮಾತು ಹೇಳಲಿಲ್ಲ. ಇದು ಕ್ಯಾನ್ಸರ್ ಎಂದು ಒಬ್ಬ ತಜ್ಞರಿಗೆ ಖಚಿತವಾಗಿತ್ತು. ಉಳಿದವರಿಗೆ ಅನುಮಾನವಿತ್ತೇ ಹೊರತು ಖಚಿತವಿರಲಿಲ್ಲ. ಇದರಲ್ಲಿ ಯಾರ ಅಸಡ್ಡೆಯೂ ಇಲ್ಲ. ಸೋಂಕು ಅಥವಾ ಉರಿಯೂತದಿಂದ ಕೆರಳಿದ ಕೋಶಗಳೂ ಸೊಟ್ಟಪಟ್ಟಗೆ ಕಾಣುತ್ತವೆ. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯಾಗಿ ಎದ್ದು ನಿಲ್ಲದೆ ಒಳಗೋಡೆಯ ಮೇಲೆ ಚಪ್ಪಟೆಯಾಗಿ ಹಬ್ಬುತ್ತದೆ. ಕೊಳವೆಯ ಮೂಲಕ ಒಳಗೆ ಇಣುಕಿ ನೋಡಿದರೂ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಖಚಿತವಿಲ್ಲದ ಸಂಶಯದ ಮೇಲೆ ಒಬ್ಬರ ಮೂತ್ರಕೋಶವನ್ನೇ ಕತ್ತರಿಸಿ ತೆಗೆಯಲು ಯಾವ ವೈದ್ಯರಿಗೂ ಮನಸ್ಸು ಬರುವುದಿಲ್ಲ. ಕಾದು ನೋಡುವುದೆಂದು ತೀರ್ಮಾನವಾಯಿತು.

1968 ಬಂತು. ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಹಂಫ್ರಿ ಪಕ್ಷದ ಅಭ್ಯರ್ಥಿಯಾಗಿ ರಿಚರ್ಡ್ ನಿಕ್ಸನ್ ವಿರುದ್ಧ ನಿಂತು ಸುಮಾರು ಐದು ಲಕ್ಷ ಮತಗಳಿಂದ, ಅಂದರೆ ಶೇಕಡಾ 1ಕ್ಕೂ ಕಡಿಮೆ ಅಂತರದಿಂದ ಸೋತರು. ಒಂದು ವರ್ಷ ಹಿಂದೆ ಆ ಕೋಶಗಳ ಗುಟ್ಟು ಗೊತ್ತಾಗಿದ್ದರೆ ಅವರು ಚುನಾವಣೆಗೆ ನಿಲ್ಲುತ್ತಿದ್ದರೇ? ಪಕ್ಷ ಅವರನ್ನು ನಿಲ್ಲಿಸುತ್ತಿತ್ತೇ? ಈ ಪ್ರಶ್ನೆ ಎದ್ದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

1976: ಒಂದೇ ವರ್ಷ, ಎರಡು ಘಟನೆ

1971ರಲ್ಲಿ ಹಂಫ್ರಿ ಸೆನೆಟ್‌ಗೆ ಮರಳಿದರು. 1973ರಲ್ಲಿ ಮೂತ್ರಕೋಶಕ್ಕೆ ವಿಕಿರಣ ಚಿಕಿತ್ಸೆ ನಡೆಯಿತು. ಆದರೆ ರೋಗ ಪೂರ್ತಿ ಹೋಗಿರಲಿಲ್ಲ. 1976ರ ಹೊತ್ತಿಗೆ ಕ್ಯಾನ್ಸರ್ ಒಳಗೋಡೆ ದಾಟಿ ಆಳಕ್ಕೆ ಇಳಿದಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಸ್ಲೋನ್-ಕೆಟರಿಂಗ್ ಆಸ್ಪತ್ರೆಯಲ್ಲಿ ಅವರ ಮೂತ್ರಕೋಶವನ್ನು ತೆಗೆದರು. ಮೊದಲ ರಕ್ತ ಕಂಡು ಒಂಬತ್ತು ವರ್ಷವಾಗಿತ್ತು.

ಅದೇ 1976ರಲ್ಲಿ ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದ ರೋಗಿಗಳು ಒಂಬತ್ತೇ ಜನ. ಆಳಕ್ಕಿಳಿಯದ ಮೂತ್ರಕೋಶದ ಕ್ಯಾನ್ಸರ್ ಇದ್ದ ಇವರ ಮೂತ್ರಕೋಶಕ್ಕೆ ತೆಳು ಕೊಳವೆಯ ಮೂಲಕ ಬಿಸಿಜಿ ಹಾಕಲಾಗಿತ್ತು. ಹೌದು, ನಮ್ಮಲ್ಲಿ ಕ್ಷಯ ಬಾರದಿರಲೆಂದು ಹಸುಗೂಸಿಗೆ ತೋಳಿಗೆ ಚುಚ್ಚಿ ಗುರುತು ಉಳಿಸುವ ಅದೇ ಬಿಸಿಜಿ. ಅದರಲ್ಲಿರುವುದು ಬಲಗುಂದಿಸಿದ ಜೀವಂತ ಬ್ಯಾಕ್ಟೀರಿಯಾ. ಮೂತ್ರಕೋಶದೊಳಗೆ ಅದು ಹೋದೊಡನೆ ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ಧಾವಿಸುತ್ತವೆ. ಆ ಗಲಾಟೆಯಲ್ಲಿ ಕ್ಯಾನ್ಸರ್ ಕೋಶಗಳೂ ಅವುಗಳ ಕಣ್ಣಿಗೆ ಬೀಳುತ್ತವೆ. ವಾರಕ್ಕೊಮ್ಮೆಯಂತೆ ಆರು ವಾರ ಕೊಡುವ ಕ್ರಮ ಅಲ್ಲಿಂದಲೇ ಬಂದದ್ದು. ಮೇಲ್ಪದರದಲ್ಲಿ ಉಳಿದಿರುವ, ಆದರೆ ಮರುಕಳಿಸುವ ಅಪಾಯ ಹೆಚ್ಚಿರುವ ಕ್ಯಾನ್ಸರಿಗೆ ಇಂದಿಗೂ ಬಿಸಿಜಿಯೇ ಮೊದಲ ಆಯ್ಕೆ. ಕ್ಯಾನ್ಸರ್ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯನ್ನೇ ಎಬ್ಬಿಸುವ ಇಂಥ ಚಿಕಿತ್ಸೆಗೆ ಇಮ್ಯುನೊಥೆರಪಿ ಎನ್ನುತ್ತಾರೆ.

ಹಂಫ್ರಿ ಪಾಲಿಗೆ ಅದು ತಡವಾಗಿತ್ತು. ಅವರ ಕ್ಯಾನ್ಸರ್ ಮೇಲ್ಪದರವನ್ನು ದಾಟಿಬಿಟ್ಟಿತ್ತು.

ಶಸ್ತ್ರಚಿಕಿತ್ಸೆಯ ಬಳಿಕ ಕೀಮೊಥೆರಪಿ ತೆಗೆದುಕೊಳ್ಳುತ್ತಲೇ ಸೆನೆಟ್‌ಗೆ ಹೋದರು. ತೂಕ ಇಳಿದು ಮುಖ ಬತ್ತಿದ್ದನ್ನು ಮುಚ್ಚಿಡಲಿಲ್ಲ. 1977ರ ಆಗಸ್ಟ್‌ನಲ್ಲಿ ಕರುಳಿನ ತಡೆಗೆಂದು ಮಿನ್ನೆಸೋಟದಲ್ಲಿ ಹೊಟ್ಟೆ ತೆರೆದಾಗ, ಕಟಿ ಭಾಗದಲ್ಲಿ ತೆಗೆಯಲಾಗದಂತೆ ಗಡ್ಡೆ ಹರಡಿದ್ದು ಕಂಡಿತು. ಇದನ್ನೂ ಜನರಿಗೆ ತಿಳಿಸಿದರು. 1978ರ ಜನವರಿ 13ರಂದು ವೇವರ್ಲಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ವಾಷಿಂಗ್ಟನ್‌ನಲ್ಲಿ ನಡೆದ ಅಂತಿಮ ನಮನಕ್ಕೆ ಅವರ ಹಳೆಯ ಎದುರಾಳಿ ನಿಕ್ಸನ್ ಬಂದರು. ರಾಜೀನಾಮೆ ಕೊಟ್ಟು ಹೋದ ಮೇಲೆ ನಿಕ್ಸನ್ ಆ ನಗರಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹಂಫ್ರಿ ಅವರ ತೆರವಾದ ಸ್ಥಾನಕ್ಕೆ ಪತ್ನಿ ಮ್ಯೂರಿಯಲ್ ನೇಮಕಗೊಂಡರು.

ಮಾದರಿ ಕೊನೆಗೂ ಮಾತಾಡಿತು

ಅವರು ಹೋದ ಮರುವರ್ಷ, 1979ರಲ್ಲಿ, ಪಿ53 ಎಂಬ ಪ್ರೋಟೀನ್ ಪತ್ತೆಯಾಯಿತು. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಾಗ ವಿಭಜನೆ ನಿಲ್ಲಿಸುವುದು, ದುರಸ್ತಿ ಸಾಧ್ಯವಿಲ್ಲದಿದ್ದರೆ ಕೋಶ ತಾನಾಗಿ ಸಾಯುವಂತೆ ಮಾಡುವುದು ಅದರ ಕೆಲಸ ಎಂದು ನಂತರ ತಿಳಿಯಿತು. ಈ ಪ್ರೋಟೀನಿನ ವಂಶವಾಹಿ ಕೆಟ್ಟರೆ ಕಾವಲಿಲ್ಲದ ಕೋಶ ಮನಬಂದಂತೆ ಬೆಳೆಯುತ್ತದೆ. 1983ರಲ್ಲಿ ಪಿಸಿಆರ್ ಬಂತು. ಕೋವಿಡ್ ಕಾಲದಲ್ಲಿ ಮನೆಮಾತಾದ ಈ ವಿಧಾನ ಅತ್ಯಲ್ಪ ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಓದಲು ಅನುವು ಮಾಡಿಕೊಡುತ್ತದೆ.

ಈ ಎರಡನ್ನೂ ಕೈಯಲ್ಲಿಟ್ಟುಕೊಂಡು ಡೇವಿಡ್ ಸಿಡ್ರಾನ್‌ಸ್ಕಿ ಮತ್ತು ಸಂಗಡಿಗರು ಹಂಫ್ರಿ ಅವರ 1976ರ ಗಡ್ಡೆಯನ್ನು ಪರೀಕ್ಷಿಸಿದರು. ಪಿ53 ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾಗಿತ್ತು. ಬಳಿಕ 1967ರ ಮೂತ್ರದ ಕೋಶಗಳನ್ನು ನೋಡಿದರು. ಅದೇ ಜಾಗದಲ್ಲಿ ಅದೇ ಬದಲಾವಣೆ ಅಲ್ಲೂ ಇತ್ತು. ಸೂಕ್ಷ್ಮದರ್ಶಕದ ಮುಂದೆ ಒಂಟಿಯಾಗಿದ್ದ ಆ ತಜ್ಞರ ಮಾತೇ ನಿಜವಾಗಿತ್ತು.

ಗಡ್ಡೆಯ ಡಿಎನ್‌ಎ ಚಿಕಿತ್ಸೆಗೆ ದಾರಿ ತೋರುತ್ತದೆಯೇ?

ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಯಾವ ಔಷಧ ಯಾರಿಗೆ ಎಂಬುದು ಎರಡನೆಯದು. ಇಂದಿನ ಸಂಶೋಧನೆ ಹೆಚ್ಚಾಗಿ ನಡೆಯುತ್ತಿರುವುದು ಈ ಎರಡನೆಯ ಪ್ರಶ್ನೆಯ ಸುತ್ತ.

ನಮ್ಮ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಅಪರಿಚಿತ ಪ್ರೋಟೀನ್ ತುಣುಕು ಕಂಡರೆ ದಾಳಿ ಮಾಡುತ್ತವೆ. ಆ ದಾಳಿ ಮಿತಿ ಮೀರದಿರಲಿ ಎಂದು ಅವುಗಳಿಗೆ ಪಿಡಿ-1 ಎಂಬ ಬ್ರೇಕ್ ಇದೆ. ಎಷ್ಟೋ ಕ್ಯಾನ್ಸರ್‌ಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಈ ಬ್ರೇಕನ್ನು ಒತ್ತಿ ಹಿಡಿಯುತ್ತವೆ. ಹೊಸ ಇಮ್ಯುನೊಥೆರಪಿ ಔಷಧಗಳು ಆ ಹಿಡಿತವನ್ನು ಬಿಡಿಸುತ್ತವೆ. ಈ ಬಗೆಯ ಬ್ರೇಕ್‌ಗಳನ್ನು ಕಂಡುಹಿಡಿದು ಚಿಕಿತ್ಸೆಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಮೂತ್ರಕೋಶದ ಕ್ಯಾನ್ಸರಿಗೆ ಇವು ಒಗ್ಗಲು ಒಂದು ಕಾರಣವಿದೆ. 2017ರಲ್ಲಿ 412 ಗಡ್ಡೆಗಳ ಡಿಎನ್‌ಎ ಓದಿದ ಅಧ್ಯಯನದಲ್ಲಿ ಪ್ರತಿ ಗಡ್ಡೆಯಲ್ಲೂ ಬಹಳಷ್ಟು ಮ್ಯುಟೇಶನ್‌ಗಳು ಸಿಕ್ಕವು. ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಪಿ53 ಕೆಟ್ಟಿತ್ತು. ಈ ಮ್ಯುಟೇಶನ್‌ಗಳಲ್ಲಿ ಹೆಚ್ಚಿನ ಪಾಲು ಎಪೊಬೆಕ್ ಎಂಬ ಕಿಣ್ವಗಳ ಕೆಲಸ. ವೈರಸ್ಸುಗಳಿಂದ ನಮ್ಮನ್ನು ಕಾಯಬೇಕಾದ ಕಿಣ್ವಗಳಿವು. ಬೇಲಿಯೇ ಎದ್ದು ಹೊಲ ಮೇದಂತೆ ನಮ್ಮ ಡಿಎನ್‌ಎಯನ್ನೇ ಹಾಳುಗೆಡವುತ್ತವೆ. ಮ್ಯುಟೇಶನ್ ಹೆಚ್ಚಿದಷ್ಟೂ ವಿಚಿತ್ರ ಪ್ರೋಟೀನ್‌ಗಳು ಹೆಚ್ಚು, ಟಿ ಕೋಶಗಳ ಕಣ್ಣಿಗೆ ಬೀಳುವ ಸಾಧ್ಯತೆಯೂ ಹೆಚ್ಚು.

ಆದರೂ ಎಲ್ಲರಿಗೂ ಗುಣವಾಗುವುದಿಲ್ಲ. ಕೀಮೊಥೆರಪಿಯ ನಂತರವೂ ರೋಗ ಮುಂದುವರಿದಿದ್ದ 542 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪೆಂಬ್ರೊಲಿಜುಮ್ಯಾಬ್ ಪಡೆದವರ ಪೈಕಿ ಸುಮಾರು ಐವರಲ್ಲಿ ಒಬ್ಬರ ಗಡ್ಡೆಯಷ್ಟೇ ಗಣನೀಯವಾಗಿ ಕುಗ್ಗಿತು. ಕುಗ್ಗಿದವರಲ್ಲಿ ಹಲವರಿಗೆ ಪರಿಣಾಮ ದೀರ್ಘಕಾಲ ಉಳಿಯಿತು. ಉಳಿದ ನಾಲ್ವರಿಗೆ ಖರ್ಚು, ಅಡ್ಡಪರಿಣಾಮ, ಕಳೆದುಹೋದ ಸಮಯ. ಆ ಒಬ್ಬರು ಯಾರೆಂದು ಮೊದಲೇ ತಿಳಿಯುವುದು ಹೇಗೆ?

ಕೆಲವು ಸುಳಿವುಗಳಿವೆ. ಡಿಎನ್‌ಎ ದುರಸ್ತಿ ವ್ಯವಸ್ಥೆಯೇ ಕೆಟ್ಟು ಮ್ಯುಟೇಶನ್‌ಗಳು ರಾಶಿ ಬಿದ್ದ ಗಡ್ಡೆಗಳಿಗೆ ಈ ಔಷಧ ಚೆನ್ನಾಗಿ ಹಿಡಿಯುತ್ತದೆ. ಹೀಗಾಗಿ ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಇಂಥ ಗಡ್ಡೆಗಳಿಗೆ, 2020ರಲ್ಲಿ ಹತ್ತು ಲಕ್ಷ ಡಿಎನ್‌ಎ ಅಕ್ಷರಗಳಿಗೆ ಹತ್ತು ಅಥವಾ ಹೆಚ್ಚು ಮ್ಯುಟೇಶನ್ ಇರುವ ಗಡ್ಡೆಗಳಿಗೆ, ಅವು ದೇಹದ ಯಾವ ಭಾಗದಲ್ಲಿದ್ದರೂ ಸರಿ, ಬೇರೆ ಚಿಕಿತ್ಸೆ ಫಲಿಸದಿದ್ದಾಗ ಪೆಂಬ್ರೊಲಿಜುಮ್ಯಾಬ್ ಕೊಡಬಹುದೆಂದರು. ಎಫ್‌ಜಿಎಫ್‌ಆರ್3 ಎಂಬ ವಂಶವಾಹಿ ಕೆಟ್ಟಿರುವ ಗಡ್ಡೆಗಳಿಗಾದರೆ ಎರ್ಡಾಫಿಟಿನಿಬ್ ಎಂಬ ಬೇರೆ ಬಗೆಯ ಮಾತ್ರೆಯೇ ಇದೆ.

ಹಂಫ್ರಿ ಕಥೆಗೆ ತೀರಾ ಹತ್ತಿರದ ಸುಳಿವು ರಕ್ತದಲ್ಲಿದೆ. ಮೂತ್ರಕೋಶ ತೆಗೆದ ಮೇಲೂ ಎಲ್ಲೋ ಉಳಿದ ಕ್ಯಾನ್ಸರ್ ಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಮೂತ್ರಕೋಶ ತೆಗೆಸಿಕೊಂಡವರಿಗೆ ಅಟೆಜೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಕೊಟ್ಟ ದೊಡ್ಡ ಪ್ರಯೋಗವೊಂದು ಒಟ್ಟಾರೆಯಾಗಿ ವಿಫಲವಾಗಿತ್ತು. ಆದರೆ ಅದರ 581 ಜನರ ರಕ್ತ ಪರೀಕ್ಷಿಸಿದಾಗ, ಶೇಕಡಾ 37ರಷ್ಟು ಮಂದಿಯಲ್ಲಿ ಗಡ್ಡೆಯ ಡಿಎನ್‌ಎ ಸಿಕ್ಕಿತು. ಔಷಧದಿಂದ ಅನುಕೂಲ ಕಂಡದ್ದು ಇವರಲ್ಲೇ. ಉಳಿದವರಲ್ಲಿ ಕೊಟ್ಟರೂ ಬಿಟ್ಟರೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಪ್ರಕಟವಾದ ಈ ಸುಳಿವನ್ನು ಪರೀಕ್ಷಿಸಲೆಂದೇ ನಡೆಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಕಂಡವರಿಗೆ ಮಾತ್ರ ಔಷಧ ಕೊಟ್ಟಾಗ ರೋಗ ಮರುಕಳಿಸುವುದು ತಡವಾಯಿತು, ಆಯುಷ್ಯವೂ ಹೆಚ್ಚಿತು.

ಡಿಎನ್‌ಎ ಎಲ್ಲವನ್ನೂ ಹೇಳುವುದಿಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಂಫ್ರಿ ಅವರ ಗಡ್ಡೆಯಲ್ಲಿ ಸಿಕ್ಕ ಪಿ53 ಬದಲಾವಣೆ ಕ್ಯಾನ್ಸರನ್ನು ಗುರುತಿಸಿತು. ಆದರೆ ಅದೊಂದನ್ನೇ ನೋಡಿ ಇಮ್ಯುನೊಥೆರಪಿ ಕೊಡಬೇಕೋ ಬೇಡವೋ ಎಂದು ಇಂದಿಗೂ ಹೇಳಲಾಗದು. ಮ್ಯುಟೇಶನ್ ಕಡಿಮೆ ಇದ್ದೂ ಗುಣ ಕಂಡವರಿದ್ದಾರೆ, ಹೆಚ್ಚಿದ್ದೂ ಕಾಣದವರಿದ್ದಾರೆ. ಪಿಡಿ-ಎಲ್1 ಪರೀಕ್ಷೆಯೂ ಮೂತ್ರಕೋಶದ ಕ್ಯಾನ್ಸರಿನಲ್ಲಿ ನಿರೀಕ್ಷಿಸಿದಷ್ಟು ನೆಚ್ಚಿಕೆಗೆ ಬರಲಿಲ್ಲ. ಹರಡಿದ ಕ್ಯಾನ್ಸರಿಗೆ ಈಚೆಗೆ ದೊಡ್ಡ ಹೆಜ್ಜೆ ಎನಿಸಿರುವುದು ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಮತ್ತು ಪೆಂಬ್ರೊಲಿಜುಮ್ಯಾಬ್ ಜೋಡಿ. 886 ಜನರ ಪ್ರಯೋಗದಲ್ಲಿ ಇದು ಸರಾಸರಿ ಬದುಕುಳಿಯುವ ಅವಧಿಯನ್ನು ಸುಮಾರು 16 ತಿಂಗಳಿಂದ 31 ತಿಂಗಳಿಗೆ ಏರಿಸಿತು. ಈ ಜೋಡಿಯನ್ನು ಕೊಡಲು ಗಡ್ಡೆಯ ವಂಶವಾಹಿ ಪರೀಕ್ಷೆಯೇ ಬೇಕಿಲ್ಲ. ಹಾಗಾಗಿ ದುಬಾರಿ ಪರೀಕ್ಷೆ ಮಾಡಿಸುವ ಮುನ್ನ, ಅದರ ಫಲಿತಾಂಶದಿಂದ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ.

ಕೆಲವು ತಪ್ಪು ನಂಬಿಕೆಗಳು

ಗಡ್ಡೆಯ ವಂಶವಾಹಿ ಪರೀಕ್ಷೆ ಎಂದೊಡನೆ ಇದು ಮಕ್ಕಳಿಗೂ ಬರುತ್ತದೆಯೇ ಎಂದು ಹಲವರು ಹೆದರುತ್ತಾರೆ. ಗಡ್ಡೆಯಲ್ಲಿ ಕಾಣುವ ಬಹುತೇಕ ಮ್ಯುಟೇಶನ್‌ಗಳು ಆ ಗಡ್ಡೆಯ ಕೋಶಗಳಲ್ಲಿ ಬದುಕಿನ ನಡುವೆ ಹುಟ್ಟಿಕೊಂಡವು. ಅವು ಮಕ್ಕಳಿಗೆ ದಾಟುವುದಿಲ್ಲ. ಅನುವಂಶೀಯವಾದವು ಕೆಲವೇ. ಮೂತ್ರಕೋಶದ ಕ್ಯಾನ್ಸರಿನ ಅತಿ ದೊಡ್ಡ ಕಾರಣ ತಂಬಾಕಿನ ಹೊಗೆ. ಸುಮಾರು ಅರ್ಧದಷ್ಟು ಪ್ರಕರಣಗಳ ಹಿಂದೆ ಅದಿದೆ. ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ.

ಇಮ್ಯುನೊಥೆರಪಿ ಅಂದರೆ ಇಮ್ಯುನಿಟಿ ಹೆಚ್ಚಿಸುವ ಕಷಾಯ, ಪುಡಿಗಳಂತೆ ಎಂದುಕೊಳ್ಳುವುದೂ ತಪ್ಪು. ಇದು ಬ್ರೇಕ್ ತೆಗೆಯುವ ಪ್ರಬಲ ಔಷಧ. ಥೈರಾಯ್ಡ್, ಶ್ವಾಸಕೋಶ, ಕರುಳಿನ ಮೇಲೆ ದೇಹವೇ ದಾಳಿ ಮಾಡುವಂತಾಗಬಹುದು. ಅದನ್ನು ಬಲ್ಲ ವೈದ್ಯರ ಕಣ್ಗಾವಲಿನಲ್ಲೇ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು: ಮೂತ್ರದಲ್ಲಿ ಒಮ್ಮೆ ರಕ್ತ ಬಂತು, ನೋವಿರಲಿಲ್ಲ, ತಾನಾಗಿ ನಿಂತಿತು, ಬಹುಶಃ ಉಷ್ಣ ಆಗಿರಬೇಕು. ಮೂತ್ರಕೋಶದ ಕ್ಯಾನ್ಸರ್ ಬಹುಪಾಲು ಹೀಗೆಯೇ ಬರುತ್ತದೆ. ನೋವಿಲ್ಲದೆ ರಕ್ತ ಬರುತ್ತದೆ, ನಿಲ್ಲುತ್ತದೆ, ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಬೀಟ್‌ರೂಟ್ ತಿಂದಾಗಲೂ ಮೂತ್ರ ಕೆಂಪಾಗಬಹುದು, ಕಲ್ಲು ಅಥವಾ ಸೋಂಕಿನಿಂದಲೂ ರಕ್ತ ಬರಬಹುದು ನಿಜ. ಆದರೆ ಯಾವುದರಿಂದ ಬಂತೆಂದು ಪರೀಕ್ಷೆ ಹೇಳಬೇಕು, ನಮ್ಮ ಊಹೆಯಲ್ಲ. ಬೀಡಿ, ಸಿಗರೇಟು ಸೇದುವವರು, ಸೇದಿ ಬಿಟ್ಟವರು, ನಡುವಯಸ್ಸು ದಾಟಿದವರು ಒಮ್ಮೆ ಕಂಡರೂ ವೈದ್ಯರ ಬಳಿ ಹೋಗಬೇಕು.

ದೇಶದ ಉಪಾಧ್ಯಕ್ಷರಾಗಿದ್ದ ಹಂಫ್ರಿ ಅವರಿಗೆ ಆ ಕಾಲದ ಶ್ರೇಷ್ಠ ವೈದ್ಯರು ಸಿಕ್ಕಿದ್ದರು. ರಕ್ತ ಕಂಡ ಕೂಡಲೇ ಪರೀಕ್ಷೆಯೂ ಆಗಿತ್ತು. ಅವರಿಗೆ ಸಿಗದೆ ಹೋದದ್ದು ಆ ಕೋಶಗಳೊಳಗಿನ ಬರಹವನ್ನು ಓದುವ ಸಾಧನ. ಇಂದು ಆ ಸಾಧನವಿದೆ, ಮೇಲ್ಪದರದ ಕ್ಯಾನ್ಸರಿಗೆ ಬಿಸಿಜಿ ಇದೆ, ಆಳಕ್ಕಿಳಿದದ್ದಕ್ಕೆ ಹೊಸ ಔಷಧಗಳಿವೆ. ಇವೆಲ್ಲ ಕೆಲಸಕ್ಕೆ ಬರಬೇಕಾದರೆ ಮೊದಲ ರಕ್ತದ ಹನಿಯನ್ನು ಕಂಡವರು ಅದನ್ನು ಯಾರಿಗಾದರೂ ಹೇಳಬೇಕು.